ಕೂಡುನದಿಯ ಮೇಷ್ಟ್ರು

ನಮ್ಮ ಭೂಗೋಳದ ಮೇಷ್ಟ್ರು ಬೀದಿಯಲ್ಲಿ ನಡೆಯುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪ್ರವಾಹಕ್ಕೆ ಎದುರಾಗಿ ಹೋಗುವವರಂತೆ ಮುಂದಕ್ಕೆ ಬಾಗಿರುತ್ತಿದ್ದರು; ನಮ್ಮೂರ ನದಿಯ ಮಾತು ಬಂತೆಂದರೆ ಮಾತ್ರ ಆ ಕೈಗಳು ಬಂಧಮುಕ್ತವಾಗಿ ಮುಂದೆ ಬಂದು, ಎರಡು ತೋರುಬೆರಳುಗಳು ಗಾಳಿಯಲ್ಲಿ ಕೂಡಿ ಒಂದೇ ಗೆರೆಯಾಗಿ ಕೆಳಗಿಳಿಯುತ್ತಿದ್ದವು. ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ತೋಳಂಚು ಸೀಮೆಸುಣ್ಣದಿಂದ ಬಿಳಿಚಿಕೊಂಡಿರುತ್ತಿತ್ತು. ಮಾತುಮಾತಿಗೂ "ತಿಳೀತಾ?" ಎನ್ನುವರು, ಉತ್ತರಕ್ಕೆ ಕಾಯುವವರಲ್ಲ.

ಹಿಮದ ಬೆಟ್ಟಗಳಿಂದ ವರ್ಷವಿಡೀ ಇಳಿಯುವ ಬೂದುಹೊಳೆ ಒಂದು, ಬಯಲಿನ ಮಣ್ಣು ಹೊತ್ತು ಮಳೆಗಾಲದಲ್ಲಷ್ಟೇ ಮೈದುಂಬುವ ಕೆಂಪುಹೊಳೆ ಇನ್ನೊಂದು. ಊರ ಮೇಲ್ಗಡೆ ಅವೆರಡೂ ಕೂಡಿದಲ್ಲಿ ನಮ್ಮ ನದಿ ಹುಟ್ಟಿ, ಕೂಗಳತೆಯ ಕಡಲನ್ನು ಸೇರುತ್ತಿತ್ತು. "ಕೆಂಪುಹೊಳೆ ಮಣ್ಣು ಕೊಡುತ್ತೆ. ಬೂದುಹೊಳೆ ಬೇಸಿಗೇಲಿ ಸಮುದ್ರಾನ ಆಚೆ ತಳ್ಳಿ ಇಡುತ್ತೆ. ತಿಳೀತಾ?" ನಮಗೆ ತಿಳಿದದ್ದು, ಬೂದುಹೊಳೆಯನ್ನು ಸುರಂಗದೊಳಗೆ ತಿರುಗಿಸಿ ದೂರದ ಕಾರ್ಖಾನೆಗಳಿಗೆ ಒಯ್ದ ಮೇಲೆ.

ಮೇಷ್ಟ್ರ ತಂಗಿ, ಗಂಡ ತೀರಿಕೊಂಡ ಮೇಲೆ, ನದಿಬದಿಯ ಬೀದಿಯಲ್ಲಿ ಬಟ್ಟೆ ಒಗೆಯುವ ಅಂಗಡಿ ಹಾಕಿ, ಆಸ್ಪತ್ರೆಯ ಹಾಸುಬಟ್ಟೆಗಳನ್ನು ಹಂಡೆಗಳಲ್ಲಿ ಕುದಿಸಿ ಬಾಳು ಕಟ್ಟಿಕೊಂಡಿದ್ದಳು. ಸುರಂಗ ತೆರೆದ ಮರುವರ್ಷದ ಬೇಸಿಗೆಯಲ್ಲಿ ಕಡಲ ಉಪ್ಪು ನದಿಗೇರಿ ಅವಳ ಬಾವಿಗೂ ಇಳಿಯಿತು. ಸಾಬೂನು ನೊರೆಗಟ್ಟಲೊಲ್ಲದು, ಒಣಗಿದ ಬಟ್ಟೆ ರಟ್ಟಿನಂತೆ ಸೆಟೆದು ರೋಗಿಗಳ ಮೈ ತರಚುವುದು. ಬೆಟ್ಟದ ಬುಡದ ಪಟ್ಟಣದಲ್ಲೊಂದು ಮಳಿಗೆ ನೋಡಿ ಅವಳು ಗಂಟುಮೂಟೆ ಕಟ್ಟಿದಳು. ಮೇಷ್ಟ್ರು ತಡೆದರು. "ಸ್ವಲ್ಪ ತಾಳಮ್ಮ. ಸುರಂಗದ ಬಗ್ಗೆ ಸರ್ಕಾರದ ವಿಚಾರಣೆ ಇದೆ, ನಾನು ಮಾತಾಡ್ತೀನಿ. ಯಾರಿಗಾದ್ರೂ ಅರ್ಥ ಆಗದೆ ಇರುತ್ತಾ?" ಅವಳು ಗಂಟು ಬಿಚ್ಚಿದಳು.

ವಿಚಾರಣೆಯ ದಿನ ನಾನೂ ಸಭೆಯಲ್ಲಿದ್ದೆ. ಗೋಡೆಗೆ ನಕ್ಷೆ ತೂಗುಹಾಕಿ ಅವರು ಮಾತಾಡಿದ ಪರಿಯನ್ನು ಏನೆಂದು ವರ್ಣಿಸಲಿ! ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಸಜ್ಜನರೇ, ಕೊನೆಯವರೆಗೂ ಕೇಳಿದರು.

"ಪಾಠ ಚೆನ್ನಾಗಿತ್ತು ಮೇಷ್ಟ್ರೇ. ಆದ್ರೆ ನದಿ ಹರೀತಾನೇ ಇದೆಯಲ್ಲ?"

"ಹರೀತಿರೋದು ಅದರ ಅರ್ಧ, ಸ್ವಾಮಿ."

ಸಭೆ ನಕ್ಕಿತು. ಸುರಂಗ ಮುಚ್ಚಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯವರು ಬಟ್ಟೆಗಳನ್ನು ಬೇರೆಡೆಗೆ ಕೊಟ್ಟಿದ್ದರು. ಬೆಟ್ಟದ ಬುಡದ ಮಳಿಗೆ ಇನ್ನೊಬ್ಬರ ಪಾಲಾಗಿತ್ತು. ಹಂಡೆಗಳನ್ನು ಗುಜರಿಯವನು ಹೊರಗೆ ಉರುಳಿಸುತ್ತಿದ್ದಾಗ ಮೇಷ್ಟ್ರು ಹೊಸ್ತಿಲಾಚೆಯೇ ನಿಂತಿದ್ದರು. ತಂಗಿ ಸಿಟ್ಟಾಗಲಿಲ್ಲ. ಸೀಳುಬಿಟ್ಟ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನೀನು ಹೇಳಿದ್ದೆಲ್ಲ ನಿಜಾನೇ ಅಣ್ಣ. ನಿಜ ಅಂತಾನೇ ನಾನು ಕೂತುಬಿಟ್ಟೆ" ಎಂದಳು.

ಈಗ ಆಕೆ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ನಿವೃತ್ತಿಯವರೆಗೂ ಮೇಷ್ಟ್ರು ಪಾಠ ಮಾಡಿದರು. ನದಿಗಳ ಅಧ್ಯಾಯ ಬಂದಾಗ ಮಾತ್ರ ಗಣಿತದವರನ್ನು ತರಗತಿಗೆ ಕಳಿಸಿ, ತಾವು ಸಿಬ್ಬಂದಿ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ಇಂಥವರು ಲೋಕದಲ್ಲಿ ವಿರಳವೇನಲ್ಲ. ವಿಷಯವನ್ನು ವಿಶದವಾಗಿ ಹೇಳಿದರೆ ನ್ಯಾಯ ತಾನಾಗಿ ಒಲಿಯುತ್ತದೆಂದು ಅವರು ನಂಬುತ್ತಾರೆ. ಆ ನಂಬಿಕೆ ನಿರ್ಮಲವಾದದ್ದು, ಅದಕ್ಕೇ ಹತ್ತಿರದವರನ್ನು ಅಷ್ಟು ಸುಲಭವಾಗಿ ಹಿಡಿದು ನಿಲ್ಲಿಸಿಬಿಡುತ್ತದೆ. ಲೋಕ ಅವರ ಮಾತನ್ನು ಅಲ್ಲಗಳೆಯುವ ಗೋಜಿಗೂ ಹೋಗುವುದಿಲ್ಲ. ಮೆಚ್ಚುತ್ತದೆ, ತಲೆದೂಗುತ್ತದೆ, ತನ್ನ ಕೆಲಸ ಮುಂದುವರಿಸುತ್ತದೆ. ಮುಳುಗುವವರು ಅವರನ್ನು ನಂಬಿ ದಡದಲ್ಲಿ ನಿಂತವರು.