ಹರಳೆಣ್ಣೆ ಲಾರಿ

ಜಗುಲಿಯ ಮೇಲಿದ್ದ ಆಟಿಕೆ ಲಾರಿಯನ್ನು ವಿಶ್ವಾಸ್ ಕಾಲಿನಿಂದ ಬೆಂಚಿನ ಕೆಳಗೆ ನೂಕಿದ. ನಡುಮನೆಯಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಚೂಡಾಮಣಿ ತೆರೆದ ಬಾಗಿಲಿನಿಂದ ಅದನ್ನು ನೋಡಿಬಿಟ್ಟರು. ಬೆಳಗಿನಿಂದ ಅತ್ತು ಒಣಗಿದ್ದ ಕಣ್ಣಿಗೆ ಈಗ ನೀರು ಬರಲಿಲ್ಲ, ಉರಿ ಬಂತು.

"ಕಾಲಲ್ಲಿ ಒದೀಬೇಡ್ವೋ ಅದನ್ನ."

"ಒದೀಲಿಲ್ಲ ಚಿಕ್ಕಮ್ಮ, ಪಕ್ಕಕ್ಕೆ ಸರಿಸಿದೆ. ಜನ ಬರ್ತಾ ಇದಾರೆ, ಕಾಲಿಗೆ ಸಿಗುತ್ತೆ."

ವಿಶ್ವಾಸ್ ಚೂಡಾಮಣಿಯ ಗಂಡ ಅಪ್ಪಾಜಿಯವರ ತೀರಿಹೋದ ಅಣ್ಣನ ಮಗ. ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನ ಕೆಲಸ. ಅಪ್ಪಾಜಿ ದಂಪತಿಗೆ ಮಕ್ಕಳಿಲ್ಲದ್ದರಿಂದ ಕರ್ಮ ಮಾಡುವ ಹೊಣೆ ಅವನ ಮೇಲೆ ಬಿದ್ದಿತ್ತು. ಸುದ್ದಿ ಮುಟ್ಟಿದ ಗಳಿಗೆಯಿಂದ ಓಡಾಡುತ್ತಿದ್ದಾನೆ, ಕೆಟ್ಟ ಹುಡುಗನೇನಲ್ಲ. ಆದರೆ ಆ ಲಾರಿ ಎಂದರೆ ಮೊದಲಿನಿಂದಲೂ ಅವನಿಗೊಂದು ತಾತ್ಸಾರ.

ಅವನೊಬ್ಬನಿಗೇ ಏಕೆ, ಹೊಳೆನರಸೀಪುರದ ಆ ಬೀದಿಗೆಲ್ಲ ಇತ್ತು. ಗೋಡೆಗೆ ಒರಗಿ ಕೂತ ಇಬ್ಬರು ಹೆಂಗಸರು ಆಗಲೇ ಶುರುಮಾಡಿದ್ದರು.

"ಪಾಪ, ದೇವರಂಥ ಮನುಷ್ಯ. ಪೋಸ್ಟಾಫೀಸಲ್ಲಿ ಒಬ್ಬರ ಹತ್ರಾನೂ ಜೋರಾಗಿ ಮಾತಾಡಿದ್ದಿಲ್ಲ."

"ರಿಟೈರಾದ್ಮೇಲೆ ಮಾತ್ರ ಮಗು ಥರ ಆಗ್ಬಿಟ್ರು ನೋಡಿ. ಆ ರಿಮೋಟು, ಆ ಲಾರಿ! ಮಕ್ಕಳಿಲ್ಲದ ಕೊರಗು, ಇನ್ನೇನು?"

ಚೂಡಾಮಣಿ ಹಲ್ಲು ಕಚ್ಚಿದರು. ಮಕ್ಕಳಿಲ್ಲದ ಕೊರಗಂತೆ! ಊರಿಗೆ ಗೊತ್ತಿದ್ದದ್ದು ಅದೊಂದೇ ಕೊರಗು. ಈ ಮನೆಯೊಳಗೆ ಎಂಥ ಕೊರಗು ಹೊಗೆಯಾಡುತ್ತಿತ್ತು, ಅದಕ್ಕೆ ಆ ಮನುಷ್ಯ ಎಂಥ ಉಪಾಯ ಹುಡುಕಿದ್ದರು ಅನ್ನುವುದು ಯಾರಿಗೆ ಬೇಕಿತ್ತು?

ಅಷ್ಟರಲ್ಲಿ ಶಾಂತರಾಜು ಬಂದರು. ಹಳೇಕೋಟೆಯಿಂದ ಬಸ್ಸು ಹಿಡಿದು ಬಂದವರು ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಜಗುಲಿ ಹತ್ತಿದರು. ಬಾಗಿಲಿನಿಂದಲೇ ಒಳಗೆ ಮಲಗಿದ್ದ ಗೆಳೆಯನನ್ನು ನೋಡಿದರು. ಯಾರೂ ಒಳಗೆ ಬನ್ನಿ ಎನ್ನಲಿಲ್ಲ. ಅವರ ಕಣ್ಣು ಬೆಂಚಿನ ಕೆಳಗೆ ಹೋಯಿತು. ಮಗುಚಿ ಬಿದ್ದಿದ್ದ ಲಾರಿಯನ್ನು ಎಳೆದು ನೆಟ್ಟಗೆ ನಿಲ್ಲಿಸಿ, ಹೆಗಲ ಟವಲಿನಿಂದ ಅದರ ಗಾಲಿ ಒರೆಸಿದರು. ಆಮೇಲೆ ಅದೇ ಟವಲನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದರು.

*

ತೊಂಬತ್ತೆರಡರಲ್ಲಿ ಶಾಂತರಾಜು ಅಂಚೆ ಕಚೇರಿಗೆ ಪೋಸ್ಟ್‌ಮ್ಯಾನ್ ಆಗಿ ಬಂದಾಗ ಅಪ್ಪಾಜಿ ಅಲ್ಲಿ ಗುಮಾಸ್ತರು. ಕಾಗದ ಬೇರ್ಪಡಿಸುತ್ತ ಶುರುವಾದ ಸ್ನೇಹ ಸಂಜೆ ಜಗುಲಿಯವರೆಗೆ ಬಂತು. ಅಲ್ಲಿಗೆ ನಿಂತುಬಿಟ್ಟಿತು. ಅದಕ್ಕಿಂತ ಒಳಗೆ ಬಿಡುವುದು ಅಪ್ಪಾಜಿಯವರ ಅಕ್ಕ ಜಯಲಕ್ಷ್ಮಮ್ಮನ ಕೈಯಲ್ಲಿತ್ತು.

ಜಯಲಕ್ಷ್ಮಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ಅಡಿಗೆಮನೆ, ಮಡಿ, ದೇವರು, ಮೂರಕ್ಕೂ ಅವರದೇ ಆಳ್ವಿಕೆ. ಶಾಂತರಾಜು ದಲಿತರು ಎಂದು ತಿಳಿದ ದಿನವೇ ಜಗುಲಿಯ ಗೂಡಿನಲ್ಲಿ ಒಂದು ನೆಗ್ಗಿದ ಸ್ಟೀಲ್ ಲೋಟ ಬಂದು ಕೂತಿತು. ಕಾಫಿಯನ್ನು ಅದಕ್ಕೆ ಮೇಲಿನಿಂದ ಹೊಯ್ಯಬೇಕು. ಕುಡಿದವರೇ ತೊಳೆದು ಗೂಡಿಗೆ ಇಡಬೇಕು.

"ನಿಮ್ಮ ಬಾಯಲ್ಲಿ ಏನು ಕಡುಬು ತುರುಕಿದಾರಾ? ಇದು ತಪ್ಪು ಅಂತ ಅತ್ತಿಗೆಗೆ ಒಂದು ಮಾತು ಹೇಳಿ" ಎಂದು ಚೂಡಾಮಣಿ ಗಂಡನನ್ನು ಎಷ್ಟು ಸಲ ತಿವಿದಿದ್ದರೋ.

"ಸಾಕಿದ ಕೈ ಕಣೇ. ಹೇಗೆ ಹೇಳ್ಲಿ?" ಎನ್ನುತ್ತಿದ್ದರು ಅಪ್ಪಾಜಿ. ಹೇಳಲಿಲ್ಲ. ಹದಿನೈದು ವರ್ಷ ಹೇಳಲಿಲ್ಲ. ಆ ಸಿಟ್ಟು ಚೂಡಾಮಣಿಗೆ ಈ ಹೊತ್ತು ಹೆಣದ ಮುಂದೆ ಕೂತಾಗಲೂ ಆರಿರಲಿಲ್ಲ.

ನಿವೃತ್ತಿಯಾದ ವರ್ಷ ವಿಶ್ವಾಸನ ಮಗ ಆಡಿ ಮುರಿದು ಬಿಸಾಕಿದ ರಿಮೋಟ್ ಲಾರಿ ಅಪ್ಪಾಜಿಯವರ ಕೈಗೆ ಸಿಕ್ಕಿತು. ಮೊಳದುದ್ದದ ಗಟ್ಟಿ ಸಾಮಾನು. ತಂತಿ ಬೆಸೆದು ಅದನ್ನು ಓಡುವ ಹಾಗೆ ಮಾಡಿದರು. ಒಂದು ಸಂಜೆ ಅಡಿಗೆಮನೆ ಬಾಗಿಲಲ್ಲಿ ಅದನ್ನು ನಿಲ್ಲಿಸಿ, ಬಹಳ ವಿನಯದಿಂದ ಹೇಳಿದರು: "ಅಕ್ಕ, ಮಡೀಲಿ ನೀನು ಜಗುಲಿ ತನಕ ಬರೋದ್ಯಾಕೆ? ಕಾಫಿ ಇದರಲ್ಲಿಡು. ಅದೇ ಬರುತ್ತೆ, ಅದೇ ಹೋಗುತ್ತೆ. ಮನುಷ್ಯರು ಮುಟ್ಟೋ ಹಾಗೇ ಇಲ್ಲ."

ಜಯಲಕ್ಷ್ಮಮ್ಮ ಯೋಚಿಸಿದರು. ಪ್ಲಾಸ್ಟಿಕ್ಕಿಗೆ ಮೈಲಿಗೆಯಿಲ್ಲ ಎಂದು ತಾವೇ ತೀರ್ಮಾನ ಕೊಟ್ಟರು. ಎರಡು ಲೋಟ ಒಟ್ಟಿಗೆ ಲಾರಿ ಹತ್ತಿದವು. ಬರುವಾಗಲೂ ಒಟ್ಟಿಗೇ ಬಂದವು, ಒಂದಕ್ಕೊಂದು ತಾಗಿಕೊಂಡು. ಯಾವುದರಲ್ಲಿ ಯಾರು ಕುಡಿದರು ಎಂದು ಆ ಬ್ರಹ್ಮನೂ ಹೇಳಲಾರ. ಗೂಡಿನ ನೆಗ್ಗಿದ ಲೋಟದಲ್ಲಿ ಅಂದಿನಿಂದ ಸ್ಕ್ರೂ, ಬೋಲ್ಟು ತುಂಬಿಕೊಂಡವು.

ತೊಂದರೆ ಒಂದೇ. ಲಾರಿ ಕುಣಿಯುತ್ತಿತ್ತು. ಗಾಲಿಗಳ ಮೇಲಿದ್ದದ್ದು ಬರೀ ಸ್ಪ್ರಿಂಗು, ಅದನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಕೊಳವೆ ಇರಲಿಲ್ಲ. ಹೊಸ್ತಿಲಿಗೆ ಹಲಗೆ ಇಟ್ಟು ಹತ್ತಿಸಿದರೂ ಅರ್ಧ ಕಾಫಿ ನೆಲಕ್ಕೆ.

ಬೆಂಗಳೂರಿಗೆ ಮಗಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದ ಶಾಂತರಾಜು ಅಂಗಡಿ ಅಂಗಡಿ ಸುತ್ತಿ ನಾಲ್ಕು ಶಾಕ್ ಅಬ್ಸಾರ್ಬರ್ ತಂದರು. ಸ್ಕೂಟರಿನದೇ ಮಾದರಿ, ಬೆರಳುದ್ದ, ಒಳಗೆ ಎಣ್ಣೆ ತುಂಬುವಂಥವು. ಬೇರೆ ಲಾರಿಗೆಂದು ಮಾಡಿದ್ದವು, ಸ್ವಲ್ಪ ಉದ್ದ. ನೆಟ್ಟಗೆ ಕೂರಿಸಿದರೆ ಲಾರಿ ಕೊಕ್ಕರೆಯ ಹಾಗೆ ಎತ್ತರಕ್ಕೆ ನಿಂತು, ತಿರುವಿನಲ್ಲಿ ಮಗುಚುತ್ತಿತ್ತು.

"ಓರೆಯಾಗಿ ಕೂರ್ಸಿದ್ರೆ ಎತ್ರ ಇಳೀತದೆ ಅಪ್ಪಾಜಿಯೋರೆ" ಎಂದರು ಶಾಂತರಾಜು. ದಬ್ಬಳ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ ಹೊಸ ತೂತು ಹಾಕಿದರು. ಸ್ಪ್ರಿಂಗು ಅದುಮಿ ಹಿಡಿಯಲು ಇಬ್ಬರ ಕೈಯೂ ಸೋತಾಗ ಚೂಡಾಮಣಿಯೇ ಬಂದು ಕೂತರು. ಚಕ್ಕುಲಿ ಒರಳು ಒತ್ತಿ ಪಳಗಿದ ಕೈ. ಸಣ್ಣ ಕ್ಲಿಪ್ಪು ಚಿಮ್ಮಿ ಕಳೆದುಹೋಗದಂತೆ ಸೆರಗು ಹಾಸಿಕೊಂಡು ಅದುಮಿದರು.

ಅಂಗಡಿಯವನು ಅದಕ್ಕೆಂದೇ ಬೇರೆ ಎಣ್ಣೆ ಬರುತ್ತದೆ ಎಂದಿದ್ದನಂತೆ. ಎಣ್ಣೆ ಎಣ್ಣೆಯೇ ತಾನೆ ಎಂದು ಅಪ್ಪಾಜಿ ಕೊಬ್ಬರಿ ಎಣ್ಣೆ ತುಂಬಿದರು. ದೀಪಾವಳಿಯವರೆಗೆ ಲಾರಿ ಮದುವಣಗಿತ್ತಿಯ ಹಾಗೆ ಮೆಲ್ಲಗೆ ನಡೆಯಿತು. ಧನುರ್ಮಾಸದ ಒಂದು ಭಾನುವಾರ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ, ನಾಲ್ಕೂ ಕಾಲು ಸೆಟೆದು, ಹೊಸ್ತಿಲ ಮೇಲೆ ಎಗರಿ ಎರಡೂ ಲೋಟವನ್ನು ಮಗುಚಿತು. ಬಿಸಿ ಕಾಫಿ ಹರಿದು ಜಯಲಕ್ಷ್ಮಮ್ಮನ ಹಸಿ ಮಡಿಸೀರೆ ಮುಟ್ಟಿತು. ಆ ದಿನ ಮನೆಯಲ್ಲಿ ಮಹಾಭಾರತ.

"ತಲೆಗೆ ಹಚ್ಚೋದನ್ನ ಗಾಡಿಗೆ ಹಾಕಿದ್ರೆ ಚಳಿ ಆಗ್ದೆ ಇರ್ತದಾ!" ಎಂದು ಶಾಂತರಾಜು ಹೊಟ್ಟೆ ಹಿಡಿದು ನಕ್ಕರು. ಅಪ್ಪಾಜಿ ನಕ್ಕರು. ಚೂಡಾಮಣಿಯೂ ನಕ್ಕರು. ಕೊನೆಗೆ ಅವರೇ ತಮ್ಮ ಶೀಸೆಯಿಂದ ಹರಳೆಣ್ಣೆ ತುಂಬಿಕೊಟ್ಟರು. ಅಲ್ಲಿಂದೀಚೆಗೆ ಒಂದು ತೊಟ್ಟು ಚೆಲ್ಲಿದ್ದಿಲ್ಲ.

*

ಪುರೋಹಿತ ಗುಂಡಯ್ಯನವರು ಹಿತ್ತಾಳೆ ಬಟ್ಟಲಿನ ತುಂಬ ಅಕ್ಕಿ ತರಿಸಿ ಹೆಣದ ತಲೆಯ ಹತ್ತಿರ ಇಟ್ಟರು. "ಹೊತ್ತಾಯ್ತು. ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿ ಹಾಕಿ."

"ಮೊದಲು ಶಾಂತರಾಜು ಅವರು ಹಾಕ್ಲಿ. ಕರೀರಿ" ಎಂದರು ಚೂಡಾಮಣಿ.

ಅಡಿಗೆಮನೆಯ ಬಾಗಿಲಲ್ಲಿ ಕುಸಿದು ಕೂತಿದ್ದ ಜಯಲಕ್ಷ್ಮಮ್ಮ ತಲೆ ಎತ್ತಿದರು. "ಅವನು ಅಲ್ಲಿಂದ್ಲೇ ಕೈ ಮುಗೀಲಿ ಬಿಡೇ ಚೂಡಾ. ಅಷ್ಟು ವರ್ಷ ನಡ್ಕೊಂಡು ಬಂದಿದ್ದು, ಇವತ್ತು ಯಾಕೆ ಕೆಡಿಸ್ತೀಯ?"

ಚೂಡಾಮಣಿ ಬಾಯಿ ತೆರೆಯುವಷ್ಟರಲ್ಲಿ ವಿಶ್ವಾಸನಿಗೆ ಏನೋ ಹೊಳೆಯಿತು. ಹಿರಿಯರಿಬ್ಬರ ಜಗಳ ತಪ್ಪಿಸಿದೆನೆಂಬ ಸಮಾಧಾನ ಅವನ ಮುಖದಲ್ಲಿತ್ತು. "ತಡೀರಿ, ಅತ್ತೆಗೂ ಬೇಜಾರಾಗ್ಬಾರ್ದು, ಅವರಿಗೂ ಬೇಜಾರಾಗ್ಬಾರ್ದು" ಎನ್ನುತ್ತ ಜಗುಲಿಯಿಂದ ಲಾರಿ ತಂದ. ಅದರ ಮೇಲೆ ಅಕ್ಕಿಯ ಬಟ್ಟಲಿಟ್ಟ. ಕಿಟಕಿಯಲ್ಲಿದ್ದ ರಿಮೋಟ್ ಎತ್ತಿಕೊಂಡು ಗುಂಡಿ ಒತ್ತಿದ. ಹಿಂದಿನ ಸಂಜೆಯಷ್ಟೇ ಅಪ್ಪಾಜಿ ಬ್ಯಾಟರಿಗೆ ಕರೆಂಟು ತುಂಬಿಸಿಟ್ಟಿದ್ದರು.

ಲಾರಿ ಹೊರಟಿತು. ಹಲಗೆ ಹತ್ತಿತು, ಹೊಸ್ತಿಲು ದಾಟಿತು. ಬಟ್ಟಲಿನ ಭಾರಕ್ಕೆ ನಾಲ್ಕೂ ಸ್ಪ್ರಿಂಗು ಬಗ್ಗಿದವು, ಆದರೆ ಒಂದು ಕಾಳೂ ಉದುರಲಿಲ್ಲ. ಶಾಂತರಾಜುವಿನ ಪಾದದ ಮುಂದೆ ಹೋಗಿ ನಿಂತಿತು.

"ಮುಟ್ಟಿ ಕೊಡಿ ಶಾಂತರಾಜು. ನಿಮ್ಮ ಹೆಸರಲ್ಲಿ ನಾನೇ ಹಾಕ್ತೀನಿ. ಹೆಂಗೂ ಇದು ಈ ಮನೆ ಪದ್ಧತಿ ತಾನೆ?"

ಶಾಂತರಾಜು ಲಾರಿಯನ್ನೇ ನೋಡಿದರು.

"ಇದ್ರಲ್ಲಿ ಕಾಫಿ ಕುಡ್ದಿದೀನಿ ಕಣಪ್ಪಾ. ನಿಮ್ ಚಿಕ್ಕಪ್ಪಾರು ನಗ್ತಾ ಕಳುಸ್ತಿದ್ರು, ನಾನೂ ನಗ್ತಾ ಕುಡೀತಿದ್ದೆ. ಅದು ನಮ್ಮಿಬ್ರ ಆಟ. ಅಂಗಂತ ಅವ್ರ ಬಾಯ್ಗೆ ಅಕ್ಕಿ ಹಾಕಾಕೂ ಲಾರಿ ಕಳುಸ್ತೀಯಲ್ಲ, ನಂಗೇನು ಕೈ ಇಲ್ವಾ?" ಚೂಡಾಮಣಿಯ ಕಡೆ ತಿರುಗಿದರು. "ನಾನು ಬತ್ತೀನಿ ಬುಡಿ ಅಕ್ಕಾವ್ರೇ. ಓಗ್ತೀನಿ."

ಅವರು ಜಗುಲಿಯ ಮೆಟ್ಟಿಲಿಗೆ ಕಾಲಿಟ್ಟರು.

ಚೂಡಾಮಣಿ ಎದ್ದರು. ಹೆಣದ ಪಕ್ಕದಿಂದ ಹೆಂಡತಿ ಏಳಬಾರದು ಎಂದು ಯಾರೋ ಅಂದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ್ತಿಲಲ್ಲಿ ನಿಂತು ಒಳಗಿದ್ದವರ ಕಡೆ ತಿರುಗಿದರು.

"ಮೈಲಿಗೆ ಅಂತೀರಲ್ಲ, ನಾನೂ ಲೆಕ್ಕ ಕೇಳ್ತೀನಿ. ನನಗೆ ಸೂತಕ. ವಿಶ್ವಾಸನಿಗೆ ಸೂತಕ. ಅತ್ತಿಗೆ, ತಮ್ಮ ಸತ್ತಿದಾನೆ, ನಿಮಗೂ ಸೂತಕ. ನಿಮ್ಮ ಮಡಿ ಬೆಳಿಗ್ಗೇನೇ ಹೋಯ್ತು. ಗುಂಡಯ್ಯನವರೇ, ಹೆಣ ಮುಟ್ಟಿ ಕೂತಿದೀರಿ, ನೀವೂ ಸ್ನಾನ ಮಾಡ್ದೆ ಮನೆಗೆ ಹೋಗೋ ಹಾಗಿಲ್ಲ. ಹೌದೋ ಅಲ್ವೋ?"

ಗುಂಡಯ್ಯನವರು ಜನಿವಾರ ಸರಿಮಾಡಿಕೊಂಡರು. "ಶಾಸ್ತ್ರ ಹಾಗೇ ಇದೆ."

"ಹಾಗಿದ್ರೆ ಈ ಹೊತ್ತು ಈ ಮನೆಯಲ್ಲಿ ಮೈಲಿಗೆ ಇಲ್ಲದೆ ನಿಂತಿರೋರು ಅವರೊಬ್ಬರೇ! ಒಳಗೆ ಬಂದ್ರೆ ಕೆಡೋದು ಅವರದು, ನಮ್ಮದಲ್ಲ. ಅವರು ಬರಬಹುದಾ ಅಂತ ನೀವು ಯೋಚನೆ ಮಾಡ್ತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ? ದಯಮಾಡಿ ಬನ್ನಿ ಅಂತ ಅವರನ್ನ ಕೇಳ್ಕೋಬೇಕಾದೋರು ನಾವು." ನೆಲದ ಮೇಲೆ ಮಲಗಿದ್ದ ಗಂಡನ ಕಡೆ ಕೈ ತೋರಿದರು. "ಈ ಪುಣ್ಯಾತ್ಮರು ಈ ಮಾತು ಆಡೋಕಾಗ್ದೆ ಲಾರಿ ಕಟ್ಕೊಂಡು ಕೂತ್ರು. ನನಗೆ ಲಾರಿ ಬಿಡೋಕೆ ಬರಲ್ಲ."

ಬಾಗಿ ಬಟ್ಟಲು ಎತ್ತಿದರು. ಭಾರ ಇಳಿದ ಲಾರಿ ಮೆಲ್ಲಗೆ, ಸದ್ದಿಲ್ಲದೆ ಮೇಲೆದ್ದು ನಿಂತಿತು.

"ಶಾಂತರಾಜು, ಒಳಗೆ ಬನ್ನಿ. ಸ್ನಾನ ಮಾಡ್ಬೇಕಾಗುತ್ತೆ. ತೊಂದರೆ ಮಾಡ್ಕೋಬೇಡಿ."

ಶಾಂತರಾಜು ತಿರುಗಿ ನೋಡಿದರು. ಚೂಡಾಮಣಿ ಅವರ ಮುಂಗೈ ಹಿಡಿದರು. ಸ್ಪ್ರಿಂಗು ಅದುಮಿದ ಅದೇ ಕೈ, ಬಿಗಿಯಾಗಿ ಹಿಡಿಯಿತು. ಹದಿನೈದು ವರ್ಷ ಜಗುಲಿಯಲ್ಲೇ ನಿಂತಿದ್ದ ಮನುಷ್ಯ ಹೊಸ್ತಿಲು ದಾಟಿದರು. ವಿಶ್ವಾಸ್ ರಿಮೋಟ್ ಹಿಡಿದುಕೊಂಡೇ ಗೋಡೆಗೆ ಸರಿದ.

ಶಾಂತರಾಜು ಮಂಡಿಯೂರಿ, ಮೂರು ಬೆರಳಿನಲ್ಲಿ ಅಕ್ಕಿ ತೆಗೆದು ಗೆಳೆಯನ ಬಾಯಿಗೆ ಹಾಕಿದರು. "ಅಪ್ಪಾಜಿಯೋರೆ" ಎಂದರು.

ಬಟ್ಟಲು ಇನ್ನೂ ಚೂಡಾಮಣಿಯ ಕೈಯಲ್ಲೇ ಇತ್ತು. ಮನೆಯಲ್ಲಿ ಬೇರೆ ಬಟ್ಟಲಿದೆ, ಬೇರೆ ಅಕ್ಕಿಯೂ ಇದೆ ಎಂದು ಗುಂಡಯ್ಯನವರು ಗೊಣಗಿದರು. ಚೂಡಾಮಣಿ ನಡುಮನೆ ದಾಟಿ ಅಡಿಗೆಮನೆಯ ಬಾಗಿಲಿಗೆ ಹೋದರು.

"ಬನ್ನಿ ಅತ್ತಿಗೆ. ಸಾಕಿದ ಕೈ. ನಿಮ್ಮ ತಮ್ಮನಿಗೆ ಅಕ್ಕಿ ಹಾಕಿ."

ಜಯಲಕ್ಷ್ಮಮ್ಮ ಬಟ್ಟಲಿನೊಳಗೆ ನೋಡಿದರು. ಅಕ್ಕಿಯ ನಡುವೆ ಶಾಂತರಾಜುವಿನ ಮೂರು ಬೆರಳಿನ ಗುಂಡಿ ಹಾಗೇ ಇತ್ತು. ಚೂಡಾಮಣಿ ಅದನ್ನು ಅಲುಗಿಸದೆ, ಕೈ ಇಳಿಸದೆ, ಹಿಡಿದುಕೊಂಡೇ ನಿಂತರು.