ಕುರಿಗಳು ಮುಟ್ಟದ ನೀರು

ಹದಿನಾಲ್ಕು ಜನರ ರಾತ್ರಿಯೂಟಕ್ಕೆ ಎರ್ಸೀಲಿಯಾ ಹಿಟ್ಟು ನಾದುತ್ತಿದ್ದಾಗ ಯಾರೋ ಬಾಗಿಲಲ್ಲಿ ನಿಂತು, ಮೈಕೈ ತೊಳೆದುಕೊಳ್ಳಲು ಎಲ್ಲಿ ಹೋಗಬೇಕೆಂದು ಕೇಳಿದರು. ಆ ಆಗಸ್ಟಿನಲ್ಲಿ ಮನೆಯ ನಲ್ಲಿಗೆ ನೀರು ಬರುತ್ತಿದ್ದುದು ಬೆಳಿಗ್ಗೆ ಎರಡು ತಾಸು ಮಾತ್ರ. "ಊರಾಚೆ ಒರತೆ ಇದೆ, ಅಲ್ಲಿಗ್ ಹೋಗಿ" ಎಂದಳು ಅವಳು, ತಲೆಯೆತ್ತದೆ.

ಆರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಕೊಲ್ಲೆಫ್ರೆದ್ದೊ ಊರಿನ ತನ್ನ ಮನೆಯ ಮೂರು ಕೋಣೆಗಳನ್ನು ಅವಳು ದಾರಿಹೋಕರಿಗೆ ತೆರೆದಿದ್ದಳು. ಇಟಲಿಯ ಮೊಲೀಸೆ ಸೀಮೆಯ ಬೆಟ್ಟಗಳ ಮೇಲೆ ಹಾದುಹೋಗುವ ಹಳೆಯ ಕುರಿದಾರಿಯಲ್ಲಿ ನಡೆಯುವುದಕ್ಕೆಂದೇ ಜನ ದೂರದ ಪಟ್ಟಣಗಳಿಂದ ರೈಲಿನಲ್ಲಿ ಬರುತ್ತಿದ್ದರು. ಕಾರು ಬೇಡ, ಪ್ಲಾಸ್ಟಿಕ್ ಬೇಡ ಎನ್ನುವ ಮಂದಿ. ಇಂಥವರು ತನ್ನ ಮನೆಯಲ್ಲಿ ತಂಗುತ್ತಾರೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

ನಾಲ್ಕೂವರೆಗೆ ಕುರುಬ ನಿಕಾಂದ್ರೊನ ಕೂಗು ಬೀದಿಯ ತುದಿಯಿಂದಲೇ ಕೇಳಿಸಿತು. ಅವನೂ ಎರ್ಸೀಲಿಯಾಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಏ ಎರ್ಸೀಲಿಯಾ! ಬಾ ಇಲ್ಲಿ, ನಿನ್ನ ಮಹಾರಾಜರು ಮಾಡಿರೋ ಕೆಲ್ಸ ನೋಡು!"

ಹಿಟ್ಟಿನ ಕೈಯಲ್ಲೇ ಓಡಿದಳು. ಒರತೆಯ ಕಲ್ಲುಬಾನಿಯ ತುಂಬ ಬಿಳಿ ನೊರೆ. ತೊಂಬತ್ತು ಕುರಿಗಳು ಸುತ್ತ ನಿಂತು ಮೂಸುತ್ತಿದ್ದವು, ಹಿಂದೆ ಸರಿಯುತ್ತಿದ್ದವು. ಬಾಯಾರಿಕೆಗೆ ಅರಚುತ್ತಿದ್ದರೂ ಒಂದೂ ಬಾಯಿಡಲಿಲ್ಲ. ಮೂರು ವರ್ಷದಿಂದ ಬೆಟ್ಟದ ಮೇಲೆ ಸರಿಯಾಗಿ ಹಿಮ ಬಿದ್ದಿರಲಿಲ್ಲ. ಒರತೆ ಕಿರುಬೆರಳಿನ ಗಾತ್ರಕ್ಕೆ ಇಳಿದಿತ್ತು. ಬಾನಿ ಮತ್ತೆ ತುಂಬಲು ಒಂದು ಹಗಲು, ಒಂದು ರಾತ್ರಿ ಬೇಕು.

ತಂಡದ ಮುಂದಾಳು ಫಿಯೊರೆಂಜಾ ಟೊರಿನೊ ಪಟ್ಟಣದ ಕಡೆಯ ನಿವೃತ್ತ ಟೀಚರ್. ಒದ್ದೆ ಕೂದಲಲ್ಲೇ ಮುಂದೆ ಬಂದು, "ಇದು ಗಿಡಮೂಲಿಕೆ ಸೋಪು. ಪರಿಸರಕ್ಕೆ ಏನೂ ಆಗಲ್ಲ ಅಂತ ಇದ್ರ ಮೇಲೇ ಬರೆದಿದೆ" ಎಂದಳು.

"ಹಂಗಾದ್ರೆ ಅದನ್ನ ಇವುಗಳಿಗೆ ಸ್ವಲ್ಪ ಓದಿ ಹೇಳಿ ಸಿನ್ಯೋರಾ!"

ನಿಕಾಂದ್ರೊ ಕುರಿಗಳತ್ತ ಕೈ ತೋರಿಸಿದ. ಫಿಯೊರೆಂಜಾಳ ಮುಖ ಕೆಂಪಾಯಿತು. "ಇದು ಕುಡಿಯೋ ನೀರು ಅಂತ ನಮ್ಗೆ ಯಾರೂ ಹೇಳ್ಲಿಲ್ಲ..."

ಎರ್ಸೀಲಿಯಾ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಟ್ಟಣದವರು, ಗೊತ್ತಾಗದವರು ಎಂದು ಊರು ಬೈದು ಮರೆಯುತ್ತಿತ್ತು. ಅವಳು ನಿಕಾಂದ್ರೊನ ಎದುರಿಗೆ ಬಂದಳು.

"ಅವ್ರದ್ದೇನೂ ತಪ್ಪಿಲ್ಲ ನಿಕಾಂದ್ರೊ. ನಾನೇ ಇಲ್ಲಿಗ್ ಕಳ್ಸಿದ್ದು. ಕುರಿಗಳ ನೆನಪೇ ಆಗ್ಲಿಲ್ಲ ನಂಗೆ."

ಅವನು ಅವಳನ್ನೇ ನೋಡಿದ. "ನಿನಗೇ ನೆನಪಾಗ್ಲಿಲ್ಲ ಅಂದ್ರೆ ಇನ್ಯಾರಿಗೆ ಆಗ್ಬೇಕು?" ಎಂದವನೇ ನಾಯಿಗೆ ಸಿಳ್ಳೆ ಹಾಕಿ ಮಂದೆಯನ್ನು ಕೆಳಗಿನ ಹೊಳೆಯತ್ತ ತಿರುಗಿಸಿದ. ಒಂದೂವರೆ ತಾಸಿನ ಇಳಿಜಾರು. ಎರ್ಸೀಲಿಯಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹಿಂದೆಯೇ ಹೊರಟಳು. ಉಳಿದವರಿಗೆ ಬಾನಿ ಬರಿದುಮಾಡಿ ಉಜ್ಜಲು ಹೇಳಿ ಫಿಯೊರೆಂಜಾಳೂ ಜೊತೆಯಾದಳು.

ಅರ್ಧ ದಾರಿಯಲ್ಲಿ ಒಂದು ಮುದಿ ಕುರಿ ಕುಸಿದು ಕೂತಿತು. ನಿಕಾಂದ್ರೊ ಎತ್ತಲು ನೋಡಿದ, ಮಂಡಿ ಕೇಳಲಿಲ್ಲ. ಫಿಯೊರೆಂಜಾ ತನ್ನ ಟೋಪಿ ಕಳಚಿ, ಬಾಟಲಿಯ ನೀರನ್ನೆಲ್ಲ ಅದರೊಳಗೆ ಸುರಿದು ಕುರಿಯ ಮೂತಿಗೆ ಹಿಡಿದಳು. ಕುರಿ ಕೊನೆಯ ಹನಿಯವರೆಗೂ ಹೀರಿತು, ಟೋಪಿಯ ಅಂಚನ್ನೂ ಜಗಿಯಿತು.

"ಬಿಡಿಸ್ಕೊಳ್ಳಿ, ತಿಂದ್ಹಾಕತ್ತೆ" ಎಂದ ನಿಕಾಂದ್ರೊ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

ಹೊಳೆಯ ದಡದಲ್ಲಿ ಮಂದೆ ನೀರಿಗೆ ಮುಗಿಬಿದ್ದಾಗ ಅವನೇ ಬಾಯಿಬಿಟ್ಟ. "ಸೆಪ್ಟೆಂಬರಲ್ಲಿ ಕುರಿ ಎಲ್ಲಾನೂ ಮಾರ್ತಿದೀನಿ. ಒರತೆ ನೀರು ಇವುಕ್ಕೆ ಸಾಲ್ತಿಲ್ಲ. ವ್ಯಾಪಾರಿ ಬಂದು ನೋಡ್ಕೊಂಡೂ ಹೋದ."

"ನಂಗೊಂದು ಮಾತು ಹೇಳ್ಲಿಲ್ಲ ನೀನು!"

"ನಿನ್ನ ಮನೆ ತುಂಬ ನೆಂಟ್ರು. ಯಾವಾಗ ಹೇಳ್ಲಿ?"

ಎರ್ಸೀಲಿಯಾ ಮೇಲಿನ ಕುರಿದಾರಿಯತ್ತ ನೋಡಿದಳು. ಕುರಿ ಮೇಯ್ದಲ್ಲಿ ನುಣ್ಣಗೆ ಹಸಿರು ಪಟ್ಟಿ; ಮೇಯದ ಕಡೆ ಆಳೆತ್ತರದ ಮುಳ್ಳುಪೊದೆ. ಕುರಿ ಹೋದ ಎರಡೇ ವರ್ಷಕ್ಕೆ ಆ ದಾರಿ ಮುಚ್ಚಿಹೋಗುತ್ತದೆ. ಅಲ್ಲಿ ನಡೆಯಲು ಯಾರು ಬರುತ್ತಾರೆ? ಆರು ವರ್ಷ ಅವನ ಕುರಿಗಳು ಹಸನು ಮಾಡಿದ ದಾರಿಯ ಮೇಲೆ ತನ್ನ ಮನೆ ನಡೆದಿದೆ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

"ಜುಲೈ, ಆಗಸ್ಟು ನಾನು ಬಾಗಿಲು ಹಾಕ್ತೀನಿ. ನನ್ನ ಮನೇಲಿ ಚೆಲ್ಲೋದೂ ಅದೇ ಒರತೆ ನೀರು. ಮಾರ್ಬೇಡ ಕಣೋ."

"ಬಾಗಿಲು ಹಾಕಿ ಹೊಟ್ಟೆಗೇನ್ ಮಾಡ್ತೀಯ?"

"ಮುಂದಿನ್ ಸಲ ನಾವು ನೀರಿರೋ ಮೇ ತಿಂಗಳಲ್ಲಿ ಬರ್ತೀವಿ" ಎಂದಳು ಫಿಯೊರೆಂಜಾ. "ಬೇರೆಯವ್ರಿಗೂ ಹೇಳ್ತೀನಿ. ಇವತ್ತು ನಾವು ಮಾಡಿದ್ದನ್ನೂ ಸೇರಿಸಿ ಹೇಳ್ತೀನಿ."

ನಿಕಾಂದ್ರೊ ನೀರು ಕುಡಿಯುತ್ತಿದ್ದ ಕುರಿಗಳನ್ನು ಒಂದೊಂದಾಗಿ ಎಣಿಸತೊಡಗಿದ.

ಸೆಪ್ಟೆಂಬರಿನಲ್ಲಿ ಲಾರಿ ಬಂದು ಐವತ್ತು ಕುರಿಗಳನ್ನು ಹೇರಿಕೊಂಡು ಹೋಯಿತು. ನಲವತ್ತು ಉಳಿದವು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಅವನು ಬೀದಿಯಲ್ಲೇ ನಿಂತಿದ್ದ. ಎರ್ಸೀಲಿಯಾ ಪಕ್ಕದಲ್ಲಿ ಹೋಗಿ ನಿಂತಳು. ಅಕ್ಟೋಬರಿನ ಮೊದಲ ಮಳೆಯ ಮಾರನೆಯ ಬೆಳಿಗ್ಗೆ ಅವನು ಇನ್ನೂ ಹಬೆಯಾಡುತ್ತಿದ್ದ ಕುರಿಹಾಲಿನ ರಿಕೊತ್ತಾ ಚೀಸಿನ ಬುಟ್ಟಿ ಹಿಡಿದು ಅವಳ ಬಾಗಿಲಿಗೆ ಬಂದ.

"ನೆಂಟ್ರಿಗೆ ಬಡಿಸ್ಬಿಟ್ಟೀಯ ಮತ್ತೆ. ಇದು ನಿಂಗೆ" ಎಂದ.