ಉಂಗುರ ತೊಡಿಸಿದ ಕೈ

"ಪ್ಯಾಂಟಿಗೆ ಗುಂಡಿ ಬಡಿಯಾದು ಬಿಟ್ರ ಈ ನಾಯಿಗೆ ಏನೂ ಬರಂಗಿಲ್ಲ. ಸಾಲ್ಯಾಗ ಎಂಟನೇತ್ತ ದಾಟ್ಲಿಲ್ಲ. ಈಗ ನನಗ ದೋಣಿ ಪಾಠ ಹೇಳಾಕ ನಿಂತೈತಿ, ನೋಡ್ರಿ!"

ಕುರುಗೋಡಿನ ತನ್ನ ಮನೆಯ ಅಂಗಳದಲ್ಲಿ, ಊಟಕ್ಕೆ ಕರೆಸಿದ್ದ ಬೀಗರ ಎದುರು, ದೊಡ್ಡಬಸವರಾಜ ಸಾವ್ಕಾರ ನನ್ನನ್ನು ತೋರಿಸಿ ಹೇಳಿದ ಮಾತಿದು. ಬೀಗರು ನಕ್ಕರು. ಅವರಲ್ಲೊಬ್ಬ ಮುದುಕ ಎದ್ದು ಹೋಗಿ, ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು, ಮತ್ತೆ ಕೂತು ನಕ್ಕ. ಒಂದು ಸಲ ನಕ್ಕದ್ದು ಅವನಿಗೆ ಸಾಲಲಿಲ್ಲ.

ನಾನು ಹೇಳಿದ್ದು ಇಷ್ಟೇ: "ಸಾವ್ಕಾರ್ರೆ, ಪ್ಯಾಂಟಿನ ರಿವೆಟ್ಟು ತಗಡು ಹಿಡಿಯಂಗಿಲ್ರಿ. ಬಟ್ಟಿ ಅರಿವಿಗೆ ಅಂತ ಮಾಡಿದ್ದು ಅದು. ನೀರು ಒಳಗ ಬರ್ತೈತಿ."

ಅಂಗಳದ ನಡುವೆ ಮುಕ್ಕಾಲು ಮುಗಿದ ಅಲ್ಯುಮಿನಿಯಂ ದೋಣಿ ಬೋರಲಾಗಿ ಮಲಗಿತ್ತು. ಅದರ ಒಂದೊಂದು ಹಾಳೆಯನ್ನೂ ಕೂಡಿಸಿದವನು ನಾನು. ನಕ್ಕವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದ ಸಾವ್ಕಾರ.

ಬಳ್ಳಾರಿಯಲ್ಲಿ ಅವನದೊಂದು ಜೀನ್ಸ್ ಪ್ಯಾಂಟಿನ ಯೂನಿಟ್ಟು. ನಾನು ಅಲ್ಲಿ ರಿವೆಟ್ ಮಷಿನ್ನಿನ ಮುಂದೆ ಕೂಡುವವನು. ಜೇಬಿನ ಮೂಲೆಯಲ್ಲಿ ತಾಮ್ರದ ಬಣ್ಣದ ಸಣ್ಣ ಮೊಳೆ ಇರುತ್ತದಲ್ಲ, ಅದನ್ನು ಬಡಿಯುವ ಕೆಲಸ. ನಮ್ಮೂರು ಸಿರಿಗೇರಿಯಲ್ಲಿ ಸಾಲಿ ಬಿಟ್ಟು ಬಂದವನಿಗೆ ಮೀಸೆ ಚಿಗುರಿದ್ದು ಆ ಮಷಿನ್ನಿನ ಮುಂದೆಯೇ. ಬಟ್ಟೆಯ ನೀಲಿ ನನ್ನ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದೆ. ಎಷ್ಟು ತೊಳೆದರೂ ಹೋಗುವುದಿಲ್ಲ.

ಸಾವ್ಕಾರನಿಗೆ ದೋಣಿಯ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಯಾವುದೋ ದೇಶದಲ್ಲಿ ಯಾವನೋ ಒಬ್ಬ ಮನೆಯಲ್ಲೇ ದೋಣಿ ಕಟ್ಟಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನೋಡಿದ. ಕತ್ತರಿಸಿದ ಹಾಳೆ, ತೂತು ಕೊರೆದ ಪಟ್ಟಿ, ರಿವೆಟ್ಟು, ಅಂಟು, ಚಿತ್ರದ ಪುಸ್ತಕ, ಎಲ್ಲವೂ ಡಬ್ಬಿಯಲ್ಲೇ ಬರುತ್ತದಂತೆ. ಕೂಡಿಸಿಕೊಳ್ಳುವುದಷ್ಟೇ ಬಾಕಿ. ತರಿಸಿದ. ಕಂಡಕಂಡವರಿಗೆಲ್ಲ ಹೇಳಿದ: "ನನ್ನ ಕೈಯಾರೆ ಕಟ್ಟತೀನಿ. ಕೆಂಚನಗುಡ್ಡದ ಹೊಳಿಯಾಗ ಬಿಡ್ತೀನಿ." ಮೊದಲ ದಿನವೇ ಒಂದು ಹಾಳೆ ಎತ್ತಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡ. ಮರುದಿನ ನನ್ನನ್ನು ಮಷಿನ್ನಿನಿಂದ ಎಬ್ಬಿಸಿ ಕುರುಗೋಡಿಗೆ ಕರೆತಂದ.

"ರಿವೆಟ್ ಬಡಿಯಾಕ ಬರ್ತೈತಲ್ಲಲೇ ನಿನಗ? ಇದೂ ರಿವೆಟ್ಟ. ಬಡಿ."

ಅದು ಬೇರೆ, ಇದು ಬೇರೆ. ಆದರೆ ಪುಸ್ತಕದ ತುಂಬ ಚಿತ್ರವಿತ್ತು, ಬಾಣದ ಗುರುತಿತ್ತು. ಚಿತ್ರ ನೋಡಲು ಯಾವ ಮಾಸ್ತರನ ಅಪ್ಪಣೆ ಬೇಕು? ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಲು ಒಬ್ಬ, ಹೊರಗಿನಿಂದ ಸುತ್ತಿಗೆ ಹಾಕಲು ಒಬ್ಬ ಬೇಕೆಂದು ಚಿತ್ರದಲ್ಲಿತ್ತು. ಇನ್ನೊಬ್ಬನನ್ನು ಕೊಡು ಅಂದರೆ ಕೊಡಲಿಲ್ಲ. ಒಳಗೆ ತೂರಿಕೊಂಡು ಕಬ್ಬಿಣವನ್ನು ಮೊಣಕಾಲಿನಿಂದ ಒತ್ತಿ, ಕೈಯನ್ನು ಅಂಚಿನ ಆಚೆ ಚಾಚಿ ಬಡಿದೆ. ಮೊಣಕಾಲು ಬಾತು ಸಂಡಾಸಿಗೆ ಕೂಡುವುದೂ ಕಷ್ಟವಾಯಿತು. ಆದರೂ ಚಪ್ಪಟೆ ಹಾಳೆ ಪಟ್ಟಿಗೆ ಒರಗಿ, ಬಾಗಿ, ದೋಣಿಯ ಹೊಟ್ಟೆಯಾದ ದಿನ, ಯಾರೂ ಇಲ್ಲದ್ದು ನೋಡಿ, ಅದರ ಮೇಲೆ ಕೈಯಾಡಿಸಿದೆ. ಎಮ್ಮೆಯ ಮೈ ಸವರಿದ ಹಾಗೆ.

ಆ ಹೊತ್ತಿಗೆ ಸಿರುಗುಪ್ಪದಲ್ಲಿ ಒಬ್ಬ ನನ್ನಂಥವನಿಗಾಗಿ ಕಾಯುತ್ತಿದ್ದ. ವಾಲ್ಮೀಕಿ ಅಂತ, ಫ್ಯಾಬ್ರಿಕೇಶನ್ ಅಂಗಡಿಯವನು. ಗೇಟು, ಕಿಟಕಿ, ಟ್ರಾಲಿ ಮಾಡುತ್ತಾನೆ. ಮೀನು ಹಿಡಿಯುವವರು ತಗಡಿನ ದೋಣಿ ಬೇಕೆಂದು ಅವನ ಬೆನ್ನು ಹತ್ತಿದ್ದರು. ಕಟ್ಟಿ ಗೊತ್ತಿರುವವನು ಅವನಿಗೆ ಬೇಕಿತ್ತು. ನಾನು ಹೋಗಿ, ಸಾವ್ಕಾರನ ದೋಣಿ ಕಟ್ಟುತ್ತಿರುವವನು ನಾನೇ ಎಂದು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಾ ಕಟ್ಟೀನಂತ ನೀನ ಹೇಳಿದ್ರ ಹೆಂಗ ನಂಬ್ಲೆಪಾ? ಸಾವ್ಕಾರ ಒಂದು ಮಾತು ಹೇಳ್ಲಿ. ಮರುದಿನ ಬಂದುಬಿಡು. ಹೆಲ್ಪರ್ ಅಲ್ಲ, ಮೇಸ್ತ್ರಿ ಅಂತ ಇಟ್ಕಂತೀನಿ."

ಮೇಸ್ತ್ರಿ! ನನ್ನ ಹೆಸರಿನ ಪಕ್ಕಕ್ಕೆ ಆ ಮಾತನ್ನು ಯಾರೂ ತಂದಿಟ್ಟಿರಲಿಲ್ಲ. ಸಾವ್ಕಾರ ಊಟ ಮಾಡಿ ಒಳ್ಳೆಯ ಮನಸ್ಸಿನಲ್ಲಿದ್ದಾಗ ಕೇಳಿದೆ. ಅವನು ಹಲ್ಲು ಕಡ್ಡಿ ಆಡಿಸುತ್ತಾ ಅಂದ:

"ಮೊದ್ಲು ನೀರಿಗಿ ಬಿಡೋಣಲೇ. ನಾಕು ಮಂದಿ ಮುಂದ ನಾನ ಹೇಳ್ತೀನಿ, ತಿಪ್ಪೇಶ ಕಟ್ಟಿದ್ದು ಅಂತ. ಆಣಿ."

ಆ ಆಣೆಯ ಮೇಲೆ ನಾನು ಮೈ ಮುರಿದು ದುಡಿದೆ.

ಅಷ್ಟರಲ್ಲಿ ವಿಡಿಯೋ ಶುರುವಾಯಿತು. ಅವನ ಮಗ ಚನ್ನಬಸವರಾಜನಿಗೆ ದಿನವಿಡೀ ಮೊಬೈಲ್ ಹಿಡಿಯುವುದೇ ಉದ್ಯೋಗ. ಅಪ್ಪ ಸುತ್ತಿಗೆ ಹಿಡಿದು ನಿಂತದ್ದನ್ನು ದೂರದಿಂದ ತೆಗೆಯುತ್ತಿದ್ದ. ಸುತ್ತಿಗೆ ಬೀಳುವುದನ್ನು ಹತ್ತಿರದಿಂದ ತೆಗೆದು, ಎರಡನ್ನೂ ಕೂಡಿಸಿ, ಅಪ್ಪನೇ ಕಟ್ಟುತ್ತಿದ್ದಾನೆಂದು ಮೊಬೈಲಿನಲ್ಲಿ ಊರಿಗೆಲ್ಲ ಬಿಡುತ್ತಿದ್ದ. ಹತ್ತಿರದ ಕೈ ನನ್ನದು. ಹಾಗೆಂದು ಗೊತ್ತಾಗಬಾರದಲ್ಲ, ಅದಕ್ಕೆ ಸಾವ್ಕಾರನ ಪಚ್ಚೆ ಹರಳಿನ ಉಂಗುರವನ್ನು ನನ್ನ ಬೆರಳಿಗೆ ತೊಡಿಸಿದರು. ಅವನ ವಾಚು ಕಟ್ಟಿದರು.

"ಉಗುರು ನೀಲಿ ಕಾಣ್ತಾವಲೇ," ಅಂದ ಮಗ. "ನಮ್ಮಪ್ಪಾಜಿ ಕೈ ಹಿಂಗ ಗಲೀಜು ಇರಂಗಿಲ್ಲ. ಬ್ಲೀಚ್ ಹಚ್ಚಿ ತಿಕ್ಕೋ."

ಯೂನಿಟ್ಟಿನಲ್ಲಿ ಪ್ಯಾಂಟಿನ ಬಣ್ಣ ತೆಗೆಯುವ ಬ್ಲೀಚು. ಉಗುರಿನ ನೀಲಿ ಹೋಗಲಿಲ್ಲ, ಬೆರಳಿನ ಚರ್ಮ ಹೋಯಿತು. ಅನ್ನಕ್ಕೆ ಕೈ ಹಾಕಿದರೆ ಸಾರಿನ ಖಾರ ಮೂಳೆಗೆ ಇಳಿಯುತ್ತಿತ್ತು. ಸಂಜೆ ಉಂಗುರ ಬಿಚ್ಚಬೇಕೆಂದರೆ ಬೆರಳು ಊದಿ ಅದು ಕಚ್ಚಿಕೊಂಡಿರುತ್ತಿತ್ತು. ಸಾವ್ಕಾರನ ಹೆಂಡತಿ ಚನ್ನವೀರಮ್ಮ ಸೋಪು ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಉಂಗುರ ಬರಾತನ ಹೊಸ್ತಿಲ ದಾಟಬ್ಯಾಡ ನೋಡು. ನಿಮ್ಮಂಥೋರನ್ನ ನಂಬಿ ಕೆಟ್ಟವರು ಭಾಳ ಮಂದಿ ಅದಾರ."

ಸಿರಿಗೇರಿಯಿಂದ ಅವ್ವ ಫೋನ್ ಮಾಡಿದಳು. ಪಕ್ಕದ ಮನೆಯವರ ಮೊಬೈಲಿನಲ್ಲಿ ವಿಡಿಯೋ ನೋಡಿದ್ದಳಂತೆ. "ಯಪ್ಪಾ, ನಿಮ್ಮ ಸಾವ್ಕಾರನ ಹೆಬ್ಬಟ್ಟು ಥೇಟ್ ನಿಂದಿದ್ದಂಗ ಐತಲ್ಲೋ! ನೀ ಸಣ್ಣಾಂವಿದ್ದಾಗ ಕುಡಗೋಲು ಬಡ್ಕಂಡಿದ್ದಿ ನೋಡು, ಆ ಗುರ್ತು ಸೈತ ಐತಿ." ಪಾಪ, ಅವಳಿಗೆ ಅದು ಸೋಜಿಗ. "ಇರ್ತೈತವ್ವಾ, ದೊಡ್ಡ ಮಂದಿಗೂ ಗಾಯ ಆಗ್ತಾವು," ಅಂದು ಫೋನ್ ಇಟ್ಟೆ.

ಕೆಲಸ ಕೆಟ್ಟದ್ದು ಕೊನೆಗೆ. ಮುಖ, ಕೈ ಒಟ್ಟಿಗೆ ತೋರಿಸಿ ನೋಡೋಣ ಎಂದು ಯಾರೋ ವಿಡಿಯೋದ ಕೆಳಗೆ ಬರೆದಿದ್ದರು. ಸಾವ್ಕಾರನಿಗೆ ಉರಿದುಹೋಯಿತು. ಸುತ್ತಿಗೆ ಕಿತ್ತುಕೊಂಡು ತಾನೇ ಕೂತ. ಬಡಿದದ್ದೆಲ್ಲ ಸೊಟ್ಟ. ಒಂದು ಸೊಟ್ಟಾದರೆ ಕೊರೆದು ತೆಗೆಯಬೇಕು, ತೂತು ಅಗಲವಾಗುತ್ತದೆ. ನಾನು ತೆಗೆದೆ, ಅವನು ಬಡಿದ, ನಾನು ತೆಗೆದೆ. ಮಗನ ವಿಡಿಯೋಕ್ಕೆ ನೆಟ್ಟಗಿನ ಒಂದು ಹೊಡೆತ ಸಿಗುವಷ್ಟರಲ್ಲಿ ರಿವೆಟ್ಟಿನ ಚೀಲ ಖಾಲಿ. ತಳದ ಹಾಳೆ ಪಕ್ಕದ ಹಾಳೆಗೆ ಕೂಡುವ ಹಿಂದಿನ ಅಂಚು ಪೂರ್ತಿ ಬಾಯಿ ಬಿಟ್ಟುಕೊಂಡು ಉಳಿಯಿತು. ನೀರಲ್ಲಿ ಮುಳುಗಿರುವ ಜಾಗವೇ ಅದು.

ಡಬ್ಬಿ ಕಳಿಸಿದವರು ಮತ್ತೆ ರಿವೆಟ್ಟು ಬರಲು ತಿಂಗಳಾಗುತ್ತದೆ ಅಂದರು. ಸಾವ್ಕಾರ ಆಗಲೇ ಮುಂದಿನ ರವಿವಾರ ಅಂತ ಮಂದಿಯನ್ನು ಕರೆದು ಕೂತಿದ್ದ. ಬಳ್ಳಾರಿಗೆ ಕಾರು ಕಳಿಸಿ ಯೂನಿಟ್ಟಿನಿಂದ ಪ್ಯಾಂಟಿನ ರಿವೆಟ್ಟಿನ ಮೂಟೆ ತರಿಸಿದ. ಜಗತ್ತಿನಲ್ಲಿ ಇನ್ನ್ಯಾರಿಗೂ ಹೊಳೆಯದ ಬುದ್ಧಿ. ನಮ್ಮ ಬಳ್ಳಾರಿಯ ಸಾವ್ಕಾರನಿಗೇ ಹೊಳೆಯಬೇಕು. ಆ ಮೂಟೆ ನೋಡಿಯೇ ನಾನು ಬೀಗರೆದುರು ಬಾಯಿ ಬಿಟ್ಟದ್ದು, ನಾಯಿ ಅನ್ನಿಸಿಕೊಂಡದ್ದು.

ಅವರ ನಗು ಮುಗಿದ ಮೇಲೆ ಮೂಟೆಯನ್ನು ಕಾಲಿನಿಂದ ನನ್ನ ಕಡೆ ದೂಡಿದ. "ಬಡಿ."

ಬಡಿದೆ. ಯಾಕೆ ಬಡಿದೆ ಅಂತ ಕೇಳುವವರು ಕೇಳಲಿ. ದೋಣಿ ನೀರಿಗೆ ಇಳಿಯದಿದ್ದರೆ ಅವನ ಬಾಯಿಂದ ನನ್ನ ಹೆಸರು ಇಳಿಯುತ್ತಿರಲಿಲ್ಲ. ರವಿವಾರ ಬಾ ಎಂದು ವಾಲ್ಮೀಕಿಗೆ ನಾನೇ ಹೇಳಿ ಬಂದಿದ್ದೆ. ಅಂಟು ಮೆತ್ತಿ ಮೆತ್ತಿ ಬಡಿದೆ. ರಿವೆಟ್ಟಿನ ಟೋಪಿಯನ್ನು ಬೆರಳಿನಿಂದ ತಿರುವಿದರೆ ತಿರುಗುತ್ತಿತ್ತು. ಎದುರಿಗೇ ತಿರುವಿ ತೋರಿಸಿದೆ.

"ನೋಡ್ರಿ ಸಾವ್ಕಾರ್ರೆ. ಕೈಗೆ ಅಲುಗಾಡ್ತೈತಿ. ಒಂದು ತಿಂಗಳು ತಡೀರಿ. ನೀರು..."

"ಇನ್ನೊಮ್ಮೆ ನೀರು ಅಂದ್ರ ನಿನ್ನ ನಾಲಿಗಿಗೆ ರಿವೆಟ್ ಬಡೀತೀನಿ."

ಮಗ ಬಗ್ಗಿ ನೋಡಿದ. "ತಾಮ್ರದ ಲೈನು ಮಸ್ತ್ ಕಾಣ್ತೈತಪ್ಪಾಜಿ. ಡಿಸೈನ್ ಇದ್ದಂಗ."

ರವಿವಾರ ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಕೆಂಚನಗುಡ್ಡಕ್ಕೆ ಹೋದೆವು. ಮಳೆಗಾಲ ಮುಗಿದು ಹೊಳೆ ತುಂಬಿತ್ತು. ದಂಡೆಯ ಮೇಲೆ ಬೀಗರು, ಯೂನಿಟ್ಟಿನ ಮಂದಿ, ಸುತ್ತಲಿನ ಊರಿನವರು. ಬಿಳಿ ಅಂಗಿ ತೊಟ್ಟು ಸಾವ್ಕಾರ ಕಾಯಿ ಒಡೆದ. ಹರಿಗೋಲು ಹಾಕುವ ಎರ್ರಣ್ಣ ಪಕ್ಕದಲ್ಲೇ ತನ್ನ ಹರಿಗೋಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಲೈಫ್ ಜಾಕೆಟ್ ಹಾಕ್ಯಳ್ರಿ ಸಾವ್ಕಾರ್ರೆ," ಅಂದ ಎರ್ರಣ್ಣ. "ಗಂಗಮ್ಮಗ ದೊಡ್ಡೋರು ಸಣ್ಣೋರು ಅಂತ ತಿಳಿಯಂಗಿಲ್ಲ."

"ಅದು ಹಾಕ್ಕಂಡ್ರ ಹೊಟ್ಟಿ ಕಾಣ್ತೈತಿ. ನೀ ನಿನ್ನ ಬುಟ್ಟಿ ನೋಡ್ಕ."

ಮಂದಿ ನಕ್ಕಿತು. ವಾಲ್ಮೀಕಿ ಸಿರುಗುಪ್ಪದಿಂದ ಬೈಕಿನಲ್ಲಿ ಬಂದು ಮುಂದೆಯೇ ನಿಂತಿದ್ದ. ದೋಣಿಯ ಮೂತಿಯನ್ನು, ಪಕ್ಕದ ಸಾಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಅವನ ಮುಖ ಒಪ್ಪಿತ್ತು. ನಾನು ಸಾವ್ಕಾರನ ಬಾಯಿಯನ್ನೇ ನೋಡುತ್ತಾ ನಿಂತೆ.

"ಸಾವ್ಕಾರ್ರೆ, ಕೆಲಸ ಚಲೋ ಐತ್ರಿ. ಇದನ್ನ ತಿಪ್ಪೇಶ ಕಟ್ಟಿದ್ದಂತಲ್ರಿ?"

ನಾಲ್ಕು ಮಂದಿ ಅಲ್ಲ, ನೂರು ಮಂದಿ ಇದ್ದರು. ಸಾವ್ಕಾರ ನನ್ನ ಕಡೆ ನೋಡಿದ. ಆಮೇಲೆ ಮಗನ ಮೊಬೈಲಿನ ಕಡೆ ನೋಡಿದ.

"ಇವನಾ? ಚಾ ತರಾಕ ಇಟ್ಕಂಡಿದ್ದೆ," ಅಂದ. "ಅದನ್ನೂ ಅರ್ಧ ಚೆಲ್ಲಿಕೆಂತ ತರ್ತಿದ್ದ ಮಗ."

ಯೂನಿಟ್ಟಿನವರೂ ನಕ್ಕರು. ನನ್ನ ಪಕ್ಕದ ಮಷಿನ್ನಿನವರು, ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದವರು, ಅವರೂ ಹಲ್ಲು ಬಿಟ್ಟರು. ವಾಲ್ಮೀಕಿ ದೋಣಿಯಿಂದ ಕೈ ತೆಗೆದ. ನನ್ನ ಕಡೆ ಮತ್ತೆ ನೋಡಲಿಲ್ಲ.

"ಏನ್ ನಿಂತೀಯಲೇ, ದೂಡು," ಎಂದು ಸಾವ್ಕಾರ ದೋಣಿ ಹತ್ತಿ ಕೂತ.

ತೊಡೆಮಟ್ಟ ನೀರಿನವರೆಗೆ ದೂಡಿದೆ. ದೋಣಿ ಹಗುರಾಗಿ ಜಾರಿತು. ಎಷ್ಟು ಚೆಂದ ಜಾರಿತೆಂದರೆ ಆ ಗಳಿಗೆಯಲ್ಲೂ ನನಗೆ ಖುಷಿಯಾಯಿತು. ಅದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಸಾವ್ಕಾರ ಹುಟ್ಟು ಹಾಕಿದ. ಮಂದಿ ಚಪ್ಪಾಳೆ ತಟ್ಟಿತು. ಅವನು ಒಂದು ಕೈ ಎತ್ತಿ ಬೀಸಿದ. ಮಗ ದಂಡೆಯ ಉದ್ದಕ್ಕೂ ಓಡುತ್ತಾ ಚಿತ್ರ ತೆಗೆದ.

ಮೊದಲು ಹಿಂಭಾಗ ಕುಸಿಯಿತು. ಸಾವ್ಕಾರ ಕೆಳಗೆ ನೋಡಿದ, ಕಾಲು ಎತ್ತಿದ, ಮತ್ತೆ ಕೆಳಗೆ ನೋಡಿದ. ನೀರು ಬಂದರೆ ಕೂತಲ್ಲೇ ಕೂತು ದಂಡೆಗೆ ತಿರುಗಬೇಕು. ಅವನು ಎದ್ದು ನಿಂತ. ದೋಣಿ ಹಿಂದಕ್ಕೆ ವಾಲಿತು. ಒಂದು ಕೂಗು ಹಾಕಿದ, ಆಡು ಕೂಗಿದ ಹಾಗೆ, ಬೆನ್ನಡಿಯಾಗಿ ನೀರಿಗೆ ಬಿದ್ದ.

ಎರ್ರಣ್ಣ ಬೀಡಿ ಎಸೆದು ಹರಿಗೋಲು ತಳ್ಳಿದ. ಅವನು ಹೋಗಿ ಮುಟ್ಟುವವರೆಗೆ ಸಾವ್ಕಾರ ಮುಳುಗಿದ, ಎದ್ದ, ಕೈ ಬಡಿದ, ನೀರು ಕುಡಿದ. ಎರ್ರಣ್ಣ ಕಾಲರು ಹಿಡಿದ. "ಕಾಲು ಇಳಿಬಿಡ್ರಿ, ನೆಲ ಸಿಗ್ತೈತಿ! ಎದಿಮಟ ಐತ್ರಿ ನೀರು!" ಕಾಲು ಇಳಿಬಿಟ್ಟ. ನೆಲ ಸಿಕ್ಕಿತು. ನೀರು ಎದೆಮಟ್ಟಕ್ಕೇ ಇತ್ತು.

ದಂಡೆಯ ಮೇಲೆ ಒಬ್ಬ ಕಿಸಕ್ಕೆಂದ. ಬೀಗರ ಪೈಕಿಯ ಮುದುಕನೇ. ಆಮೇಲೆ ಇಡೀ ದಂಡೆ ನಕ್ಕಿತು. ಬಿಳಿ ಅಂಗಿ ಮೈಗೆ ಅಂಟಿ, ಹೊಟ್ಟೆ ಎದ್ದು ಕಂಡು, ಮೂಗಿನಿಂದ ಕೆಸರು ಸುರಿಯುತ್ತಾ ಸಾವ್ಕಾರ ದಂಡೆ ಹತ್ತಿದ. ಮಗ ಇನ್ನೂ ಮೊಬೈಲ್ ಇಳಿಸಿರಲಿಲ್ಲ. ಹೊಳೆಯಲ್ಲಿ ನನ್ನ ದೋಣಿಯ ಮೂತಿಯೊಂದೇ ನೀರಿನ ಮೇಲಿತ್ತು.

ಸಾವ್ಕಾರ ಸುತ್ತಲೂ ನೋಡಿದ. ನಗುವ ಬಾಯಿಗಳನ್ನು ಒಂದೊಂದಾಗಿ ನೋಡಿದ. ನನ್ನ ಹತ್ತಿರ ಬಂದು ರಟ್ಟೆ ಹಿಡಿದು ಮುಂದಕ್ಕೆ ಎಳೆದ.

"ಎಲ್ಲಾರೂ ಕೇಳ್ರಿ ಇಲ್ಲಿ! ಮೊದ್ಲಿನಿಂದ ಕಡೀತನ ಇದನ್ನ ಕಟ್ಟಿದವ ಇವ! ತಿಪ್ಪೇಶ, ಸಿರಿಗೇರಿಯಾಂವ! ನಾ ಒಂದು ಮೊಳೀನೂ ಮುಟ್ಟಿಲ್ಲ! ಬೇಕಂದ್ರ ನನ್ನ ಮಗನ್ನ ಕೇಳ್ರಿ, ವಿಡಿಯೋದಾಗಿನ ಕೈಯೆಲ್ಲಾ ಇವಂದ! ನಂಬಿ ಕೊಟ್ಟೆ, ನನ್ನ ಕೊಲ್ಲಾಕ ನೋಡ್ಯಾನ!"

"ಹೌದ್ರಿ, ಇವನ ಕಟ್ಟಿದ್ದು," ಅಂದ ಮಗ.

"ಇವನ ಕಟ್ಟಿದ್ದು, ನಾವು ನೋಡೀವಿ," ಅಂದರು ಯೂನಿಟ್ಟಿನವರು.

ನನ್ನ ಹೆಸರು, ನನ್ನ ಊರು, ನಾನು ಮಾಡಿದ ಕೆಲಸ. ಒಂದೂ ಸುಳ್ಳಿರಲಿಲ್ಲ. ನಗು ನಿಂತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಯಾರೋ ಹಿಂದಿನಿಂದ ನನ್ನ ಬೆನ್ನಿಗೆ ಕಾಯಿಯ ಚಿಪ್ಪು ಎಸೆದರು.

ವಾಲ್ಮೀಕಿ ಮಂದಿಯನ್ನು ಸರಿಸಿಕೊಂಡು ಬಂದ. ಮುಳುಗಿದ ದೋಣಿಯನ್ನು ನೋಡಿದ, ನನ್ನನ್ನು ನೋಡಿದ.

"ಹೌದೇನಪಾ?" ಅಂದ. "ಇದು ನೀ ಕಟ್ಟಿದ್ದ?"

ಹೌದು ಅಂದರೆ ನಾನು ಮುಳುಗಿಸಿದವನು, ಅಲ್ಲ ಅಂದರೆ ಚಾ ತರುವವನು. ಸಾವ್ಕಾರನ ಹಿಡಿತದಿಂದ ರಟ್ಟೆ ಕಿತ್ತುಕೊಂಡೆ. ವಾಲ್ಮೀಕಿಯ ಪಕ್ಕದಿಂದ ಹಾದು ದಂಡೆ ಹತ್ತಿದೆ.

"ಎಲ್ಲಿಗಲೇ? ದೋಣಿ ಮ್ಯಾಲೆತ್ತಿ ಹೋಗಲೇ, ಸೂಳೆಮಗನ!" ಎಂದು ಸಾವ್ಕಾರ ಕಿರುಚಿದ.

"ಕೇಳಿದ್ದಕ್ಕ ಒಂದು ಮಾತು ಹೇಳಿ ಹೋಗೋ," ಎಂದ ವಾಲ್ಮೀಕಿ.

ಬತ್ತದ ಗದ್ದೆಯ ಬದುವಿನ ಮೇಲೆ, ಒದ್ದೆ ಪ್ಯಾಂಟು ಕಾಲಿಗೆ ಸುತ್ತಿಕೊಳ್ಳುತ್ತಿದ್ದಂತೆ, ರಸ್ತೆಯ ಕಡೆಗೆ ನಡೆದೆ.